ಗುರುತಿಲ್ಲದ ಅಂಗಿ

ಹಳದಿ ಟಾಪು ಲಾಂಡ್ರಿಗೆ ಬಂದದ್ದು ಒಂದು ಸೋಮವಾರ, ಸೋಫಾ ಮನೆಯ ಹುಡುಗನ ಗಂಟಿನಲ್ಲಿ, ಅವನ ಎರಡು ಅಂಗಿಗಳ ನಡುವೆ ತಣ್ಣಗೆ ಮಲಗಿಕೊಂಡು. ಎದೆಯ ಮೇಲೆ ಚಮಕಿಯ ಚಿಟ್ಟೆ, ಮೊಣಕೈವರೆಗಿನ ತೋಳು, ಕಿರಿದಾದ ಭುಜ. ಲಾಂಡ್ರಿಯಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಇಪ್ಪತ್ತು ಇಪ್ಪತ್ತೆರಡರ ಹುಡುಗಿ, ಕಡ್ಡಿಯ ಹಾಗಿದ್ದಾಳೆ, ಶೋಕಿ ಜಾಸ್ತಿ. ಇಷ್ಟು ತಿಳಿಯಲು ಅವಳಿಗೆ ಉಗುಳು ನುಂಗುವಷ್ಟು ಹೊತ್ತೂ ಬೇಕಾಗಲಿಲ್ಲ. ಮೂಸಿ ನೋಡುವ ಗೋಜಿಗೆ ಅವಳು ಹೋಗಲಿಲ್ಲ. ಇಪ್ಪತ್ತೈದು ವರ್ಷ ಬ್ಲೀಚಿಂಗ್ ಪುಡಿಯ ಜೊತೆ ಸಂಸಾರ ಮಾಡಿ ಅವಳ ಮೂಗು ಎಂದೋ ರಾಜೀನಾಮೆ ಕೊಟ್ಟಿತ್ತು. ಅವಳು ನೆಚ್ಚಿದ್ದು ಕಣ್ಣನ್ನು, ಬೆರಳನ್ನು.

“ಅತ್ತೆ, ಇಲ್ಲಿ ನೋಡಿ.”

ಬಾಗಿಲ ಬಳಿ ಕೂತು ದಿಂಬಿನ ಕವರು ಎಣಿಸುತ್ತಿದ್ದ ಅಜ್ಜಿ ತಲೆ ಎತ್ತಿದರು. ಸೆಕೆಯಿದ್ದರೂ ತಲೆಯ ಮೇಲೆ ಉಣ್ಣೆಯ ಟೋಪಿ ಇತ್ತು. ಮೊಮ್ಮಗಳು ಸಮುದ್ರದಾಚೆಯಿಂದ ಕಳಿಸಿದ್ದು. ಚಳಿಗೆ ಕಳಿಸಿದ್ದು ಅಂತ ಎಷ್ಟು ಹೇಳಿದರೂ ಅವರು ಕೇಳಿರಲಿಲ್ಲ.

“ಏನು, ಕಲೆ ಇದೆಯಾ?”

“ಕಲೆ ಬಟ್ಟೆ ಮೇಲಿಲ್ಲ ಅತ್ತೆ. ನಿಮ್ಮ ಸೋಫಾ ಮೇಲಿದೆ.”

ಆ ಹುಡುಗನಿಗೆ ಸೋಫಾ ಎಂದು ಹೆಸರಿಟ್ಟವರು ಅಜ್ಜಿಯೇ. ಅವನ ಅಪ್ಪನದು ಊರಿನ ದೊಡ್ಡ ಪೀಠೋಪಕರಣದ ಅಂಗಡಿ, ಮೂರು ಮಹಡಿ, ಗಾಜಿನ ಬಾಗಿಲು. ಇವರದು ಬೀದಿಗೆ ಮುಖ ಮಾಡಿದ ಒಂದು ಕೋಣೆಯ ಲಾಂಡ್ರಿ, ಹಿಂದೆ ಎರಡು ಕೋಣೆಯ ಮನೆ, ಅದರಾಚೆ ಅಂಗಳದಲ್ಲಿ ಎರಡು ಮೆಷಿನ್ನು, ಒಂದು ಒಗೆಯುವ ಕಲ್ಲು, ಏಳು ಸಾಲು ತಂತಿ. ಲಾಂಡ್ರಿಯಮ್ಮ ಗಂಟು ಬಿಚ್ಚಿ ವಿಂಗಡಿಸಿ ಒಗೆಯುತ್ತಾಳೆ, ಅವಳ ಯಜಮಾನರು ಇಸ್ತ್ರಿ ಹಾಕುತ್ತಾರೆ, ಅತ್ತೆ ಎಣಿಸಿ ಮಡಿಸುತ್ತಾರೆ. ಮನೆಮನೆಗೂ ಒಂದೊಂದು ಗುರುತು. ಕಾಲರಿನ ಒಳಗೆ ಅಳಿಸದ ಮಸಿಯಲ್ಲಿ ಎರಡು ಚುಕ್ಕೆ ಒಂದು ಗೀಟು ಇದ್ದರೆ ಡಾಕ್ಟರ ಮನೆ, ಮೂರು ಚುಕ್ಕೆ ಒಂದು ಸೊನ್ನೆ ಇದ್ದರೆ ಸೋಫಾ ಮನೆ. ಗುರುತಿಲ್ಲದೆ ಒಳಗೆ ಹೋಗುವುದು ಮನೆಯವರ ಬಟ್ಟೆ ಮಾತ್ರ. “ಗುರುತಿಲ್ಲದ್ದು ನಮ್ಮದು” ಎನ್ನುವುದು ಅಜ್ಜಿಯ ಕಾಲದ ಕಾಯಿದೆ. ಇನ್ನೊಂದು ಕಾಯಿದೆಯೂ ಇತ್ತು: ಗಿರಾಕಿಯ ಬಟ್ಟೆಯ ಬಗ್ಗೆ ಗಿರಾಕಿಯನ್ನು ಕೇಳಬಾರದು. ಕಲೆ ತೆಗೆಯಬೇಕು, ಕಥೆ ಕೇಳಬಾರದು.

ಕೇಳುವ ಅಗತ್ಯವೂ ಲಾಂಡ್ರಿಯಮ್ಮನಿಗೆ ಬೀಳುತ್ತಿರಲಿಲ್ಲ. ಯಾರ ಮನೆಯಲ್ಲಿ ಬಸುರಿ, ಯಾರು ಕುಡಿತ ಬಿಟ್ಟರು, ಯಾವ ಗಂಡಹೆಂಡತಿ ಬೇರೆ ಬೇರೆ ಹಾಸಿಗೆಯಲ್ಲಿ ಮಲಗುತ್ತಾರೆ, ಎಲ್ಲವನ್ನೂ ಗಂಟು ಬಿಚ್ಚಿ ಹೇಳಬಲ್ಲವಳು. “ಬಟ್ಟೆ ಸುಳ್ಳು ಹೇಳಲ್ಲ” ಎನ್ನುವುದು ಅವಳ ಮಾತು. ಅದನ್ನು ಅವಳು ಸ್ವಲ್ಪ ಹೆಚ್ಚಾಗಿಯೇ ಹೇಳುತ್ತಿದ್ದಳು.

ಮಗಳ ವಿಷಯ ಗೊತ್ತಾದದ್ದೂ ಬಟ್ಟೆಯಿಂದಲೇ. ಮಗಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು, ಕೂತಲ್ಲಿ ಕೂರದವಳು, ಆಗ ಅಂಗಡಿಯಲ್ಲಿ ಚೀಟಿ ಬರೆಯುತ್ತಿದ್ದಳು. ಸೋಫಾ ಮನೆಯಿಂದ ವಾರಕ್ಕೊಮ್ಮೆ ಬರುತ್ತಿದ್ದ ಗಂಟು ವಾರಕ್ಕೆ ಮೂರು ಸಲ ಬರತೊಡಗಿತು. ಡ್ರೈವರ್ ಬದಲು ಹುಡುಗನೇ ತರುತ್ತಿದ್ದ. ಒಳಗಿದ್ದ ಅಂಗಿಗಳಲ್ಲಿ ಅರ್ಧ ಹಾಕಿಯೇ ಇರಲಿಲ್ಲ. ಮಡಿಕೆ ಮುರಿಯದ ಅಂಗಿಯನ್ನು ಒಗೆಯಲು ತರುವವನಿಗೆ ಬೇರೆ ಏನು ಕೆಲಸವಿರುತ್ತದೆ.

ಆಮೇಲೊಂದು ದಿನ ಅವನ ತಾಯಿಯೇ ಬಂದರು. ಸೋಫಾ ಮನೆಯ ಮೇಡಂ ಕೌಂಟರಿನ ಮೇಲೆ ಕೈಯಿಡದೆ ನಿಂತು, ದನಿ ಏರಿಸದೆ ಹೇಳಿದರು: “ನಿಮ್ಮ ಮಗಳು ಒಳ್ಳೆಯವಳು. ನಮ್ಮ ಬಟ್ಟೆ ನಿಮ್ಮ ಮನೆಗೆ ಬಂದರೆ ಚೆಂದ. ನಿಮ್ಮ ಮಗಳು ನಮ್ಮ ಮನೆಗೆ ಬಂದರೆ ಇಬ್ಬರಿಗೂ ಚೆಂದ ಇರಲ್ಲ.” ಗುಬ್ಬಿ ಪರದೆಯ ಹಿಂದೆ ಇದ್ದಳು. ಎರಡು ತಿಂಗಳಿಗೆ ಅವಳು ಸಮುದ್ರದಾಚೆಯ ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗಕ್ಕೆ ಎರಡು ವರ್ಷದ ಕರಾರು ಹಾಕಿ ಹೊರಟಳು. “ಒಂಬೈನೂರು ಹಾಸಿಗೆ ಅಮ್ಮ. ದೊಡ್ಡ ಕೆಲಸ ಕಲಿತು ಬರ್ತೀನಿ. ಬಂದ ಮೇಲೆ ನಾನು ಯಾರ ಮನೆಗೂ ಬೇಡ್ಕೊಂಡು ಹೋಗಬೇಕಾಗಿಲ್ಲ” ಎಂದಿದ್ದಳು.

ಹುಡುಗ ಕಾಯುತ್ತೇನೆ ಎಂದ. ಆರು ತಿಂಗಳಿಗೆ ತಾಯಿಯ ಜೊತೆ ಜಗಳವಾಡಿ ಮನೆ ಬಿಟ್ಟು, ಒಂದು ಮರಗೆಲಸದ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿ, ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಕೋಣೆ ಹಿಡಿದ. ಅಲ್ಲಿಂದಾಚೆ ಅವನ ಅಂಗಿಗಳಲ್ಲಿ ಮರದ ಪುಡಿ ಉದುರತೊಡಗಿತು, ತೋಳುಗಳಲ್ಲಿ ಗೋಂದಿನ ಕಲೆ ಬರತೊಡಗಿತು. “ಆರು ತಿಂಗಳು, ಆಮೇಲೆ ಅಮ್ಮನ ಸೋಫಾಗೇ ಓಡ್ತಾನೆ” ಎಂದಿದ್ದಳು ಲಾಂಡ್ರಿಯಮ್ಮ. ಅವನು ಓಡಲಿಲ್ಲ. ಓಡದೆ ಇದ್ದದ್ದು ಅವಳಿಗೆ ಅಷ್ಟೇನೂ ಹಿಡಿಸಿರಲಿಲ್ಲ. ಆ ಮನೆಗೆ ಹೋದರೆ ತನ್ನ ಮಗಳು ಸೊಸೆಯಾಗುವುದಿಲ್ಲ, ಮನೆಯೊಳಗೇ ಬಂದ ಲಾಂಡ್ರಿಯಾಗುತ್ತಾಳೆ ಎಂಬ ಸಂಕಟ ಅವಳದು.

ಹಾಗಾಗಿ ಹಳದಿ ಟಾಪು ಕಂಡಾಗ ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಅಡಿಯಲ್ಲಿ ಒಂದಿಷ್ಟು ಸಮಾಧಾನವೂ ಆಯಿತು. ಆ ಸಮಾಧಾನಕ್ಕೆ ಮುಂದೆ ಅವಳು ಚೆನ್ನಾಗಿ ಬೆಲೆ ತೆತ್ತಳು.

“ತಂಗಿಯದೋ ಅಕ್ಕನದೋ ಇರಬಹುದು” ಎಂದರು ಅಜ್ಜಿ.

“ಒಬ್ಬನೇ ಮಗ ಅತ್ತೆ ಅವನು.”

“ಹಾಗಾದ್ರೆ ಕೇಳು.”

“ಗಿರಾಕಿನ ಕೇಳಬಾರದು ಅಂತ ಕಲಿಸಿದವರೇ ನೀವು.”

ಅಜ್ಜಿ ಟೋಪಿ ಸರಿಮಾಡಿಕೊಂಡು ಮತ್ತೆ ಒಂದರಿಂದ ಎಣಿಸತೊಡಗಿದರು, ಲೆಕ್ಕ ತಪ್ಪಿತ್ತು.

ಮುಂದಿನ ಸೋಮವಾರ ಕಾಲಿನುದ್ದಕ್ಕೂ ಹೂವಿನ ಕಸೂತಿಯಿದ್ದ ಜೀನ್ಸ್ ಬಂತು. ಅದರ ಮುಂದಿನ ಸೋಮವಾರ ಗುಲಾಬಿ ಬಣ್ಣದ ನೈಟಿ ಬಂತು, ಅದರ ತುಂಬ ಮೊಲದ ಚಿತ್ರ.

“ನೈಟಿ ಅಂದ ಮೇಲೆ ಮುಗೀತಲ್ಲ ಅತ್ತೆ. ಇನ್ನೇನು ಉಳೀತು?” ಎಂದಳು ಲಾಂಡ್ರಿಯಮ್ಮ. ಮೊಲದ ನೈಟಿಯ ಕಾಲರಿನೊಳಗೆ ಮೂರು ಚುಕ್ಕೆ ಒಂದು ಸೊನ್ನೆ ಹಾಕುವಾಗ ಪೆನ್ನು ಬಟ್ಟೆಯನ್ನು ತೂತು ಮಾಡುವಷ್ಟು ಒತ್ತಿದಳು.

ಪ್ರತಿ ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಗುಬ್ಬಿಯ ಫೋನು. ಆ ಭಾನುವಾರ ಮೊಟ್ಟೆ, ಆಲೂಗಡ್ಡೆ, ಬಿಸಿ ಅನ್ನ. ಯಜಮಾನರು ಊಟ ಮುಗಿಸಿ ನಿದ್ದೆಗೆ ಹೋಗಿದ್ದರು. ಅಜ್ಜಿ ಮೊದಲು ಮಾತಾಡಿ, ಟೋಪಿ ಹಾಕಿಕೊಂಡಿದ್ದೇನೆ ಎಂದು ವರದಿ ಒಪ್ಪಿಸಿ, ಫೋನನ್ನು ಸೊಸೆಗೆ ಕೊಟ್ಟರು.

“ಅಮ್ಮ, ಇನ್ನು ನಲವತ್ತು ದಿನ. ಇಲ್ಲಿ ಇನ್ನೂ ಮೂರು ವರ್ಷಕ್ಕೆ ಇರು ಅಂತ ಕಾಗದ ಕೊಟ್ಟಿದ್ದಾರೆ. ಮೇಲ್ವಿಚಾರಕಿ ಮಾಡ್ತಾರಂತೆ. ನಾನು ಬೇಡ ಅಂತಿದ್ದೀನಿ.” ಗುಬ್ಬಿಯ ದನಿ ಹಾರುತ್ತಿತ್ತು. “ನಾನು ಬರೋ ದಿನ ಅವನೂ ಬರ್ತಾನೆ ಕರ್ಕೊಂಡು ಹೋಗೋಕೆ. ನೀನು ಮುಖ ಗಂಟು ಹಾಕ್ಕೋಬೇಡ, ಈಗಲೇ ಹೇಳಿದ್ದೀನಿ.”

ಅಜ್ಜಿ ಎದುರು ಕೂತು ಕೈಯಾಡಿಸುತ್ತಿದ್ದರು, ಬೇಡ ಬೇಡ ಎಂದು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಹಾಗೆ ಲಾಂಡ್ರಿಯಮ್ಮ ಒಂದು ಗಳಿಗೆ ಇದ್ದಳು. ಆಮೇಲೆ ಹೇಳಿಬಿಟ್ಟಳು. ಹಳದಿ ಟಾಪು, ಹೂವಿನ ಜೀನ್ಸ್, ಮೊಲದ ನೈಟಿ, ಮೂರು ವಾರ, ಅವನದೇ ಗಂಟು.

ಆಚೆ ಕಡೆ, ಹಿಂದೆ ಎಲ್ಲೋ ದೊಡ್ಡ ಮೆಷಿನ್ನುಗಳ ಸದ್ದು.

“ಸರಿಯಾಗಿ ನೋಡಿದ್ಯಾ?”

“ನಾನೇ ಒಗೆದಿದ್ದೀನಿ ಕಣೇ.”

“ಬಟ್ಟೆ ವಿಷಯದಲ್ಲಿ ನೀನು ತಪ್ಪು ಮಾಡಲ್ಲ” ಎಂದಳು ಗುಬ್ಬಿ. ಅದೊಂದೇ ಮಾತಿಗೆ ಅವಳು ನಂಬಿಬಿಟ್ಟಳು.

“ನೀನು ಬಂದುಬಿಡು. ಬಂದರೆ ಎಲ್ಲಾ ಮರೆತುಹೋಗುತ್ತೆ.”

“ಇನ್ನೇನಕ್ಕೆ ಬರಲಿ ಅಮ್ಮ? ಇಲ್ಲೇ ಸಹಿ ಹಾಕ್ತೀನಿ. ಈ ಬುಧವಾರ ಅಲ್ಲ, ಮುಂದಿನ ಬುಧವಾರದೊಳಗೆ ಕೊಡಬೇಕು.”

ನಮಗೋಸ್ಕರ ಬಾ ಎನ್ನುವ ಮಾತು ಲಾಂಡ್ರಿಯಮ್ಮನ ನಾಲಗೆಯ ತುದಿಗೆ ಬಂತು. ಆದರೆ ಅದನ್ನು ಹೇಳಲು ಬೇಕಾದ ಧೈರ್ಯ ಬರುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಮಗಳನ್ನು ಅವನಿಂದ ಬಿಡಿಸಲು ಹೋಗಿ ತನ್ನಿಂದಲೇ ಬಿಡಿಸಿಕೊಂಡಿದ್ದಳು. ಮೂರು ವರ್ಷ. ಅಲ್ಲಿಗೆ ಐದು.

“ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು” ಎಂದರು ಅಜ್ಜಿ.

“ಸುಳ್ಳು ಹೇಳಿದ್ನಾ ನಾನು?”

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಕಂಡಿದ್ದು ಬಟ್ಟೆ. ಹುಡುಗಿನ ಕಂಡ್ಯಾ?”

“ಹುಡುಗಿ ಇಲ್ದೆ ನೈಟಿ ತಾನೇ ನಡ್ಕೊಂಡು ಬಂತಾ?”

ಅಜ್ಜಿ ತಟ್ಟೆಯನ್ನು ಸರಿಸಿ ಎದ್ದರು. ಆ ವಾರವಿಡೀ ಅತ್ತೆಸೊಸೆಯರ ಮಾತುಕತೆ ಎಣಿಕೆಗಷ್ಟೇ ಸೀಮಿತವಾಯಿತು. ಹನ್ನೆರಡು ಹೊದಿಕೆ. ಹ್ಞೂಂ. ಎಂಟು ಪ್ಯಾಂಟು. ಹ್ಞೂಂ. ಗಂಡನಿಗೆ ಲಾಂಡ್ರಿಯಮ್ಮ ವಿಷಯ ತಿಳಿಸಿದ್ದು ಒಂದೇ ಸಾಲಿನಲ್ಲಿ: “ಆ ಹುಡುಗ ಯಾರನ್ನೋ ಇಟ್ಕೊಂಡಿದ್ದಾನೆ, ಗುಬ್ಬಿ ಬರಲ್ಲಂತೆ.” ಯಜಮಾನರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವರು ಮೊದಲೇ ಮಾತು ಕಡಿಮೆಯ ಮನುಷ್ಯ. ಇಸ್ತ್ರಿಪೆಟ್ಟಿಗೆಯ ಉಗಿಯೇ ಅವರಿಗಿಂತ ಹೆಚ್ಚು ಸದ್ದು ಮಾಡುತ್ತಿತ್ತು. ಅವರು ಎರಡು ದಿನ ಚಹಾ ಅರ್ಧಕ್ಕೇ ಬಿಟ್ಟರು. ಮೂರನೆಯ ದಿನ ಡಾಕ್ಟರ ಬಿಳೀ ಕೋಟಿನ ತೋಳು ಸುಟ್ಟರು. ಮೂವತ್ತು ವರ್ಷದಲ್ಲಿ ಅವರು ಬಟ್ಟೆ ಸುಟ್ಟದ್ದು ಅದೇ ಮೊದಲು.

ಲಾಂಡ್ರಿಯಮ್ಮ ಮಗಳಿಗೆ ನಾಲ್ಕು ಸಲ ಫೋನು ಮಾಡಿದಳು. “ಆಮೇಲೆ ಮಾತಾಡ್ತೀನಿ ಅಮ್ಮ” ಎಂಬ ಒಂದೇ ಉತ್ತರ. ಸಂಜೆ ಮಂಚದ ಕೆಳಗಿನ ಪೆಟ್ಟಿಗೆ ತೆಗೆದು ನೋಡಿದಳು. ಮಗಳು ಎರಡು ವರ್ಷದಿಂದ ಕಳಿಸಿದ ಬಟ್ಟೆಗಳು ಅದರೊಳಗಿದ್ದವು: ಒಂದು ನೀಲಿ ಸ್ವೆಟರು, ಎರಡು ಟಾಪು, ಒಂದು ತೆಳು ಕೋಟು. ಒಮ್ಮೆಯೂ ಮೈಗೇರಿಸಿರಲಿಲ್ಲ. ಊರವರ ಬಟ್ಟೆಯನ್ನೆಲ್ಲ ಒಗೆಯುವವಳಿಗೆ ಇವನ್ನು ಒಗೆದರೆ ಹಾಳಾದೀತೆಂಬ ಭಯ.

ಬುಧವಾರಕ್ಕೆ ಎರಡು ದಿನ ಇರುವಾಗ, ಸೋಮವಾರ ಬೆಳಿಗ್ಗೆ, ಹುಡುಗ ಬಂದ. ಕಣ್ಣು ಕೆಂಪಾಗಿತ್ತು, ಗಡ್ಡ ಬೋಳಿಸಿರಲಿಲ್ಲ. ಗಂಟನ್ನು ಕೌಂಟರಿನ ಮೇಲಿಟ್ಟ.

“ಅಮ್ಮ, ಗುಬ್ಬಿ ಒಂದು ವಾರದಿಂದ ಫೋನ್ ಎತ್ತುತ್ತಿಲ್ಲ. ಹುಷಾರಾಗಿದ್ದಾಳಾ?”

“ಹುಷಾರಾಗಿದ್ದಾಳೆ.” ಲಾಂಡ್ರಿಯಮ್ಮ ಗಂಟನ್ನು ಅವನ ಕಡೆಗೇ ದೂಡಿದಳು. “ಇದನ್ನ ತಗೊಂಡು ಹೋಗಿ. ನಮ್ಮ ಮೆಷಿನ್ ಕೆಟ್ಟಿದೆ.”

ಹಿಂದಿನ ಅಂಗಳದಲ್ಲಿ ಎರಡೂ ಮೆಷಿನ್ನುಗಳು ಗಡಗಡನೆ ಓಡುತ್ತಿದ್ದವು. ಹುಡುಗ ಆ ಕಡೆ ನೋಡಿದ.

“ಓಡ್ತಿದೆಯಲ್ಲಮ್ಮ.”

“ನಿಮ್ಮ ಬಟ್ಟೆಗೆ ಕೆಟ್ಟಿದೆ.”

ಅವನು ಏನೋ ಹೇಳಲು ಬಾಯಿ ತೆರೆದ. ಇವಳು ಬೇರೆ ಗಿರಾಕಿಯ ಚೀಟಿ ಎತ್ತಿಕೊಂಡಳು. ಗಂಟು ಹೆಗಲಿಗೇರಿಸಿಕೊಂಡು ಅವನು ಮೆಟ್ಟಿಲಿಳಿದು ಹೋದ, ಹಿಂದಿನ ವಾರದ ತೊಳೆದ ಬಟ್ಟೆಯನ್ನು ಕೇಳುವುದನ್ನೂ ಮರೆತು.

ಆ ಬಟ್ಟೆ ಯಜಮಾನರ ಮೇಜಿನ ಮೇಲಿತ್ತು. ಅವರ ಕೈಗೆ ಬರುವ ಹೊತ್ತಿಗೆ ಗಂಟುಗಳೆಲ್ಲ ಕಲೆತು ಹೋಗಿರುತ್ತವೆ. ಹತ್ತಿ ಒಂದು ರಾಶಿ, ನೈಲಾನ್ ಒಂದು ರಾಶಿ. ಯಾರದ್ದು ಯಾವುದೆಂದು ಅವರು ನೋಡುವುದೂ ಇಲ್ಲ, ಬೇಕಾಗುವುದೂ ಇಲ್ಲ. ಲಾಂಡ್ರಿಯಮ್ಮ ಒಳಗೆ ಬಂದಾಗ ಅವರು, ಮತ್ತೆ ಒಗೆಯಲು ಬಂದಿದ್ದ ಹಳದಿ ಟಾಪಿನ ಚಿಟ್ಟೆಯ ಮೇಲೆ ತೆಳು ಬಟ್ಟೆ ಹಾಸಿ ಮೆಲ್ಲಗೆ ಇಸ್ತ್ರಿ ಆಡಿಸುತ್ತಿದ್ದರು.

“ಅದಕ್ಕೇನು ಅಷ್ಟು ಉಪಚಾರ? ಸುಟ್ಟು ಬಿಸಾಕಿ ಅದನ್ನ.”

“ಪಾಪ, ಮುದುಕಿ ಬಟ್ಟೆ ಯಾಕೆ ಸುಡಲಿ?”

“ಯಾವ ಮುದುಕಿ?”

“ಇದರ ಮುದುಕಿ.”

“ರೀ, ಇದೇ ಆ ಹುಡುಗಿ ಬಟ್ಟೆ. ಸೋಫಾ ಗಂಟಲ್ಲಿ ಬಂದಿದ್ದು.”

ಯಜಮಾನರು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಟಾಪನ್ನು ಮೊದಲ ಸಲ ಕಂಡವರಂತೆ ನೋಡಿದರು. “ಇದಾ? ಇದಕ್ಕಾ ನೀನು ಇಷ್ಟು ದಿನ ಒದ್ದಾಡಿದ್ದು?” ಎಂದು ಹೆಂಡತಿಯ ಕೈ ಹಿಡಿದು ಬಟ್ಟೆಯ ಬೆನ್ನ ಮೇಲಿಟ್ಟರು. “ಇಲ್ಲಿ ಉಬ್ಬಿದೆ ನೋಡು. ಬೆನ್ನು ಬಾಗಿದವರ ಬಟ್ಟೆ ಹಿಂದೆ ಉಬ್ಬುತ್ತೆ, ಮುಂದೆ ಜೋಲುತ್ತೆ. ಎಷ್ಟು ಉಜ್ಜಿದರೂ ಕೂರಲ್ಲ. ಗುಂಡಿ ನೋಡು, ಕಿತ್ತು ಒತ್ತುಗುಂಡಿ ಹಾಕಿದ್ದಾರೆ, ಬೆರಳು ಬಗ್ಗಲ್ಲ ಅಂತ. ಮತ್ತೆ ಬಿಸಿ ಇಟ್ಟ ಕೂಡಲೇ ಭುಜದಿಂದ ನೋವಿನ ಮುಲಾಮಿನ ವಾಸನೆ ಏಳುತ್ತೆ. ಎಷ್ಟು ಒಗೆದರೂ ಮುಲಾಮು ನೂಲೊಳಗೆ ಕೂತಿರುತ್ತೆ. ಆ ಮೊಲದ ನೈಟಿ ಮಂಡಿ ಹತ್ತಿರಾನೂ ಅದೇ.”

ಲಾಂಡ್ರಿಯಮ್ಮ ಮೂಗನ್ನು ಬಟ್ಟೆಗೆ ಒತ್ತಿದಳು. ಅವಳಿಗೇನೂ ತಿಳಿಯಲಿಲ್ಲ. ಅತ್ತೆಯನ್ನು ಕರೆದಳು. ಅಜ್ಜಿ ಒಮ್ಮೆ ಮೂಸಿ, “ನನ್ನದೇ ಡಬ್ಬಿ. ನಾನೂ ಇದನ್ನೇ ಹಚ್ಕೊಳ್ಳೋದು” ಎಂದರು.

“ಎಷ್ಟು ದಿನದಿಂದ ಗೊತ್ತು ನಿಮಗೆ?”

“ಮೊದಲನೇ ವಾರದಿಂದ.”

“ಬಾಯಿ ಬಿಟ್ಟು ಹೇಳಬಾರದಿತ್ತಾ?”

“ಯಾರಾದ್ರೂ ಕೇಳಿದ್ರಾ?”

ಲಾಂಡ್ರಿಯಮ್ಮ ಬಟ್ಟೆಯನ್ನು ಗಂಟು ಕಟ್ಟಿ, ಚೀಟಿಯಲ್ಲಿದ್ದ ವಿಳಾಸ ನೋಡಿ, ಚಪ್ಪಲಿ ಮೆಟ್ಟಿ ಹೊರಟಳು. ಇಪ್ಪತ್ತೈದು ವರ್ಷದಲ್ಲಿ ಅವಳು ಗಿರಾಕಿಯ ಮನೆ ಬಾಗಿಲಿಗೆ ಹೋಗಿ ಕೇಳಲು ಹೊರಟದ್ದು ಅದೇ ಮೊದಲು.

ಕಟ್ಟಡದ ಲಿಫ್ಟು ಕೆಟ್ಟು ನಿಂತಿತ್ತು. ನೆಲಮಹಡಿಯಲ್ಲಿ ಮೆಟ್ಟಿಲ ಕೆಳಗೆ ಒಂದು ಉದ್ದ ಮೇಜು, ಇನ್ನೂ ಬಣ್ಣ ಕಾಣದ್ದು. ಹಾದುಹೋಗುವಾಗ ಅವಳು ಅಭ್ಯಾಸಬಲದಿಂದ ಅದರ ಅಂಚಿನ ಮೇಲೆ ಅಂಗೈ ಸವರಿದಳು. ಒಂದು ಸಿಬಿರೂ ತಾಗಲಿಲ್ಲ. ಮೂಲೆಗಳನ್ನು ದುಂಡಗೆ ಉಜ್ಜಿದ್ದರು. ಮೂರನೇ ಮಹಡಿಯಲ್ಲಿ ಹುಡುಗನ ಬಾಗಿಲಿಗೆ ಬೀಗ. ಏದುಸಿರು ಬಿಡುತ್ತ ನಿಂತಿರುವಾಗ ಮೇಲಿನ ಮೆಟ್ಟಿಲಿಂದ ದನಿ ಬಂತು.

“ಅವನು ಕೆಲಸಕ್ಕೆ ಹೋದ. ನನ್ನ ಬಟ್ಟೆ ತಂದ್ರಾ?”

ಕಟಕಟೆ ಹಿಡಿದು ಒಬ್ಬ ಮುದುಕಿ ನಿಂತಿದ್ದಳು. ಎಪ್ಪತ್ತೈದು ದಾಟಿತ್ತು. ಬೆನ್ನು ಬಿಲ್ಲಾಗಿತ್ತು, ಮೈ ಹಿಡಿಯಷ್ಟಿತ್ತು. ಕೆಂಪು ಟೀ ಶರ್ಟಿನ ಮೇಲೆ ಮಿನುಗುವ ನಕ್ಷತ್ರ.

ಲಾಂಡ್ರಿಯಮ್ಮನಿಗೆ ಮೊದಲು ನಗು ಬಂತು. ಆಮೇಲೆ ಮೆಟ್ಟಿಲ ಮೇಲೇ ಕೂತುಬಿಟ್ಟಳು.

“ಮೂರು ಮಹಡಿ ಹತ್ತಿದ್ದೀರಿ, ಇನ್ನೊಂದು ಹತ್ತಿ ಬನ್ನಿ, ನೀರು ಕುಡೀರಿ” ಎಂದು ಮುದುಕಿ ಒಳಗೆ ಕರೆದಳು. ಹಳದಿ ಟಾಪನ್ನು ಬಿಡಿಸಿ ನೋಡಿ, “ಚಿಟ್ಟೆ ಒಂದು ಚಮಕೀನೂ ಉದುರಿಲ್ಲ. ನಿಮ್ಮ ಯಜಮಾನರ ಕೈ ಒಳ್ಳೇದು” ಎಂದಳು. “ನಗಬೇಡಿ ನನ್ನ ಬಟ್ಟೆ ನೋಡಿ. ಮಗಳು ಕಳಿಸೋದು. ಅವಳು ಹೋಗುವಾಗ ತಾನು ಏನು ಹಾಕ್ತಿದ್ಲೋ ಅದನ್ನೇ ಇವತ್ತಿಗೂ ನನಗೆ ಕಳಿಸ್ತಾಳೆ. ಮೊದಲು ನನಗೆ ಹಿಡೀತಿರಲಿಲ್ಲ. ವರ್ಷ ವರ್ಷ ಒಣಗ್ತಾ ಬಂದೆ, ಈಗ ಹೇಳಿ ಹೊಲಿಸಿದ ಹಾಗಿದೆ.”

“ಎಷ್ಟು ವರ್ಷ ಆಯ್ತು ಹೋಗಿ?”

“ಎರಡು ವರ್ಷ ಅಂತ ಹೋದಳು. ಆಮೇಲೆ ಇನ್ನೊಂದು ಸಹಿ ಹಾಕಿದಳು. ಅದಾದ ಮೇಲೆ ಮತ್ತೊಂದು. ಹದಿನಾಲ್ಕು ಆಯ್ತು.” ಮುದುಕಿ ಅದನ್ನು ಅಳುತ್ತ ಹೇಳಲಿಲ್ಲ, ಬಸ್ಸಿನ ನಂಬರು ಹೇಳುವ ಹಾಗೆ ಹೇಳಿದಳು. “ಪೆಟ್ಟಿಗೆಲಿಟ್ಟು ಏನು ಮಾಡಲಿ? ಹಾಕ್ಕೊಂಡ್ರೆ ಅವಳೇ ಮೈ ಸವರಿದ ಹಾಗೆ. ಹೋದ ತಿಂಗಳು ಲಿಫ್ಟು ಕೆಟ್ಟ ಮೇಲೆ, ಆ ಕೆಳಗಿನ ಹುಡುಗನಿಂದ ಬಟ್ಟೆ ಹೊತ್ಕೊಂಡು ಇಳಿಯೋ ಕಷ್ಟ ತಪ್ಪಿತು. ನೀರು ತಂದುಕೊಡ್ತಾನೆ, ಬಟ್ಟೆ ತಗೊಂಡು ಹೋಗ್ತಾನೆ. ಮೆಟ್ಟಿಲ ಕೆಳಗೆ ಮೇಜು ನೋಡಿದ್ರಾ? ಅವನ ಹುಡುಗಿ ವಾಪಸ್ ಬರ್ತಾಳಂತೆ, ಅವಳ ಮನೆಯವರಿಗೆ ಇಸ್ತ್ರಿ ಮೇಜಂತೆ. ಬಟ್ಟೆ ಸಿಕ್ಕಬಾರದು ಅಂತ ದಿನಾ ಸಂಜೆ ಮೂಲೆ ಉಜ್ಜುತ್ತಾನೆ. ಒಂದು ವಾರದಿಂದ ಮಾತ್ರ ಮುಟ್ಟಿಲ್ಲ. ಊಟಾನೂ ಸರಿ ಮಾಡ್ತಿಲ್ಲ. ಏನಾಯ್ತೋ.”

“ಏನಾಯ್ತು ಅಂತ ನನಗೆ ಗೊತ್ತು” ಎಂದಳು ಲಾಂಡ್ರಿಯಮ್ಮ. ನೀರಿನ ಲೋಟ ಕೆಳಗಿಟ್ಟು, ಮುದುಕಿಯ ಕೈಯನ್ನು ಎರಡು ಕೈಯಲ್ಲಿ ಹಿಡಿದು, ಏನೂ ತೋಚದೆ ಬಿಟ್ಟು, ನಾಲ್ಕು ಮಹಡಿಯನ್ನು ದಡದಡನೆ ಇಳಿದಳು.

ದಾರಿಯಲ್ಲೇ ಮರಗೆಲಸದ ಶೆಡ್ಡು. ಹುಡುಗ ಹಲಗೆ ಹಿಡಿದುಕೊಂಡಿದ್ದ. ಅವಳು ಬಾಗಿಲಲ್ಲಿ ನಿಂತು, ಗರಗಸದ ಸದ್ದಿನ ಮೇಲೆ ಗಟ್ಟಿಯಾಗಿ ಹೇಳಿದಳು: “ಮೆಷಿನ್ ಸರಿಹೋಯ್ತು. ಬಟ್ಟೆ ತಗೊಂಡು ಬನ್ನಿ.” ಕ್ಷಮಿಸಿ ಎನ್ನುವುದಕ್ಕೆ ಆ ಹೊತ್ತಿಗೆ ಅವಳ ಹತ್ತಿರ ಇದ್ದ ಮಾತು ಅಷ್ಟೇ. ಹುಡುಗ ಹಲಗೆ ಹಿಡಿದುಕೊಂಡೇ ತಲೆಯಾಡಿಸಿದ.

ಗುಬ್ಬಿಯ ಕೆಲಸದ ಹೊತ್ತಿನಲ್ಲಿ ಫೋನು ಕಪಾಟಿನೊಳಗಿರುತ್ತದೆ. ಸಂಜೆ ನಾಲ್ಕಕ್ಕೆ ಹೊರಗೆ ಬರುವುದು. ಆ ಮಧ್ಯಾಹ್ನ ಲಾಂಡ್ರಿಯಲ್ಲಿ ಯಾರೂ ಕೂತು ಉಣ್ಣಲಿಲ್ಲ. ಅಜ್ಜಿ ಒಂದೇ ರಾಶಿ ಟವೆಲನ್ನು ನಾಲ್ಕು ಸಲ ಎಣಿಸಿ ನಾಲ್ಕು ಲೆಕ್ಕ ಹೇಳಿದರು. ಯಜಮಾನರು ಇಸ್ತ್ರಿಯ ಸ್ವಿಚ್ಚು ಆರಿಸಿ, ಫೋನಿನ ಎದುರು ಸ್ಟೂಲು ಎಳೆದು ಕೂತರು. ನಾಲ್ಕು ಹೊಡೆದು ಐದು ನಿಮಿಷಕ್ಕೆ ಗುಬ್ಬಿ ಫೋನು ಎತ್ತಿದಳು.

“ಸಹಿ ಹಾಕಿದ್ಯಾ?” ಎಂದು ಕೇಳಿದಳು ಲಾಂಡ್ರಿಯಮ್ಮ, ಬೇರೆ ಏನೂ ಕೇಳದೆ.

“ಹಾಕಿದೆ. ಶನಿವಾರ.”

ಅಜ್ಜಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಹಾಕಿ ಏಪ್ರನ್ ಜೇಬಲ್ಲಿ ಇಟ್ಕೊಂಡಿದ್ದೆ. ಏಪ್ರನ್ ಒಗೆಯೋಕೆ ಹೋಗಿಬಿಡ್ತು. ಕಾಗದ ಮುದ್ದೆ ಆಯ್ತು. ಇನ್ನೊಂದು ಕಾಗದ ಕೊಡ್ತೀವಿ, ಬುಧವಾರ ಸಹಿ ಮಾಡು ಅಂದಿದ್ದಾರೆ.”

ಆರು ವರ್ಷದವಳಿದ್ದಾಗಿನಿಂದ ಜೇಬು ತಡಕಿಯೇ ಬಟ್ಟೆ ಮುಟ್ಟುತ್ತಿದ್ದ ಮಗಳು ಅವಳು. ಊರವರ ಜೇಬಿನಿಂದ ಬಸ್ ಟಿಕೆಟ್ಟು, ಹಲ್ಲುಕಡ್ಡಿ, ಒಮ್ಮೆ ಒಂದು ಹಲ್ಲಿನ ಸೆಟ್ಟನ್ನೂ ಹುಡುಕಿ ಕೊಟ್ಟವಳು.

“ಜೇಬು ನೋಡ್ಲಿಲ್ವಾ?”

“ಇಲ್ಲ.”

“ನೀನು?”

ಆಚೆ ಕಡೆ ಮೂಗು ಎಳೆದುಕೊಂಡ ಸದ್ದು. “ಗೊತ್ತಿದ್ದೇ ಹಾಕಿದೆ ಅಮ್ಮ. ಇನ್ನೂ ನಾಲ್ಕು ದಿನ ಸಿಗಲಿ ಅಂತ. ಯಾಕೆ ಬೇಕಿತ್ತು ನಾಲ್ಕು ದಿನ ಅಂತ ಕೇಳಬೇಡ, ನನಗೂ ಗೊತ್ತಿಲ್ಲ.”

“ಆ ಹಳದಿ ಟಾಪು ಒಬ್ಬ ಅಜ್ಜಿದು ಕಣೇ. ನಾಲ್ಕನೇ ಮಹಡಿ. ಬೆನ್ನು ಬಾಗಿದೆ. ಮುಲಾಮು ಹಚ್ಕೋತಾಳೆ. ನಾನು ಕಣ್ಣಾರೆ ನೋಡ್ಕೊಂಡು ಬಂದೆ. ನನ್ನದೇ ತಪ್ಪು.” ಲಾಂಡ್ರಿಯಮ್ಮನಿಗೆ ಅಳುವೂ ಮಾತೂ ಒಟ್ಟಿಗೆ ಬಂದವು. “ಅವನಿಗೋಸ್ಕರ ಬಾ, ಬರದೆ ಇರು, ಅದು ನಿನ್ನಿಷ್ಟ. ನನಗೋಸ್ಕರ ಬಾ. ಆವತ್ತೇ ಹೇಳಬೇಕಿತ್ತು, ಬಾಯಿ ಬರಲಿಲ್ಲ.”

“ಮೇಲಿನ ಮನೆ ಅಜ್ಜಿಗೆ ನೀರು ಹೊತ್ತು ಕೊಡ್ತೀನಿ ಅಂತಿದ್ದ” ಎಂದಳು ಗುಬ್ಬಿ ನಿಧಾನವಾಗಿ. “ಬಟ್ಟೆ ವಿಷಯ ಹೇಳಿರಲೇ ಇಲ್ಲ. ಅಮ್ಮ, ಆ ಅಜ್ಜಿ ಚಿಟ್ಟೆ ಟಾಪು ಹಾಕ್ತಾಳಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ನಗತೊಡಗಿದಳು. ನಗು ನಿಲ್ಲಲಿಲ್ಲ. ಈ ಕಡೆ ಅಜ್ಜಿಗೂ ನಗು ಬಂತು, ಲಾಂಡ್ರಿಯಮ್ಮನಿಗೂ ಬಂತು. ಯಜಮಾನರು ಮಾತ್ರ ಎದ್ದು ಹೋಗಿ ಇಸ್ತ್ರಿಯ ಸ್ವಿಚ್ಚು ಹಾಕಿದರು, ಬೆನ್ನು ತಿರುಗಿಸಿ ನಿಂತು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಕೊನೆಗೆ ಫೋನಿಡುವ ಮುಂಚೆ ಮಗಳು ಹೇಳಿದಳು: “ಇಡು ಈಗ. ಅವನ ನಲವತ್ತು ಮಿಸ್ಡ್ ಕಾಲ್ ಇದೆ.”

ಚಳಿ ಶುರುವಾಗುವ ಹೊತ್ತಿಗೆ ಗುಬ್ಬಿ ಬಂದಳು. ಸ್ವಲ್ಪ ದಪ್ಪಗಾಗಿದ್ದಳು, ಕೈ ಒರಟಾಗಿತ್ತು, ಜೇಬು ತಡಕುವ ಅಭ್ಯಾಸ ಹಾಗೇ ಇತ್ತು. ಅಮ್ಮ ನೀಲಿ ಸ್ವೆಟರು ಹಾಕಿಕೊಂಡು ಬಾಗಿಲಲ್ಲಿ ನಿಂತದ್ದನ್ನು ಕಂಡು, “ಅಬ್ಬಾ, ಪೆಟ್ಟಿಗೆ ಬೀಗ ತೆಗೀತಾ?” ಎಂದಳು. ಅಜ್ಜಿಯ ಟೋಪಿಗೆ ಕೊನೆಗೂ ತಕ್ಕ ಹವೆ ಸಿಕ್ಕಿತ್ತು.

ಅದೇ ವಾರ ಸೋಫಾ ಮನೆಯ ಡ್ರೈವರ್ ಗಂಟು ತಂದ. ಮೇಡಂ ಮಗನ ಜೊತೆ ಮಾತು ಬಿಟ್ಟಿದ್ದರೂ ಲಾಂಡ್ರಿಯನ್ನು ಬಿಟ್ಟಿರಲಿಲ್ಲ. ಗಂಟಿನಲ್ಲಿ ಹುಡುಗನ ಹಳೇ ಉಣ್ಣೆ ಕೋಟು ಇತ್ತು. ಲಾಂಡ್ರಿಯಮ್ಮ ಅದನ್ನು ಬೆಳಕಿಗೆ ಹಿಡಿಯಲಿಲ್ಲ, ಅಳತೆ ನೋಡಲಿಲ್ಲ. “ಇದು ಯಾರಿಗೆ?” ಎಂದು ಕೇಳಿದಳು.

“ಚಳಿ ಬಂತಲ್ಲ. ಒಗೆದು ಅಲ್ಲೇ ಕೊಟ್ಟುಬಿಡಿ ಅಂದ್ರು ಮೇಡಂ. ಯಾರಿಗೆ ಅಂತ ಹೇಳಲಿಲ್ಲ.”

“ಸರಿ, ಅಷ್ಟು ಸಾಕು” ಎಂದಳು ಲಾಂಡ್ರಿಯಮ್ಮ.

ಭಾನುವಾರ ಹುಡುಗ ಇಸ್ತ್ರಿ ಮೇಜನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದ. ಯಜಮಾನರು ಅದರ ಮೂಲೆಗಳನ್ನು ಒಂದೊಂದಾಗಿ ಸವರಿ, ಒಂದು ನೈಲಾನ್ ಬಟ್ಟೆಯನ್ನು ಅಂಚಿನುದ್ದಕ್ಕೂ ಎಳೆದು ನೋಡಿದರು. ಎಲ್ಲೂ ಸಿಕ್ಕಲಿಲ್ಲ. “ಚೆನ್ನಾಗಿದೆ” ಎಂದರು. ಅವರ ಮಟ್ಟಿಗೆ ಅದು ಭಾಷಣ. ಮಧ್ಯಾಹ್ನ ಐದು ಜನ ಅದೇ ಮೇಜಿಗೆ ಕೂತು ಉಂಡರು. ಬಡಿಸುವಾಗ ಅಜ್ಜಿಯ ಕೈ ನಡುಗಿ ಬೇಳೆಸಾರು ಹುಡುಗನ ಹೊಸ ಬಿಳೀ ಅಂಗಿಯ ಮೇಲೆ ಚೆಲ್ಲಿತು. ನಡುಗಿತೋ ನಡುಗಿಸಿದರೋ, ಅಜ್ಜಿಯನ್ನು ಯಾರೂ ಕೇಳಲಿಲ್ಲ.

“ಬಿಚ್ಚಿ ಕೊಡಪ್ಪ, ಕಲೆ ಕೂತರೆ ಹೋಗಲ್ಲ. ಇವರದೊಂದು ಅಂಗಿ ಹಾಕ್ಕೊಂಡು ಊಟ ಮುಗಿಸು” ಎಂದಳು ಲಾಂಡ್ರಿಯಮ್ಮ. ಅವನಿಗೆ ನೀವು ಎನ್ನುವುದು ಎಲ್ಲಿ ಬಿಟ್ಟುಹೋಯಿತೆಂದು ಅವಳಿಗೇ ಗೊತ್ತಾಗಲಿಲ್ಲ.

ಅಂಗಳದಲ್ಲಿ ಕಲೆಗೆ ಸಾಬೂನು ತಿಕ್ಕಿ, ಅಭ್ಯಾಸದ ಮೇಲೆ ಗೂಡಿನಿಂದ ಗುರುತಿನ ಪೆನ್ನು ತೆಗೆದಳು, ಕಾಲರು ಮಗುಚಿದಳು. ಮೂರು ಚುಕ್ಕೆ, ಒಂದು ಸೊನ್ನೆ ಹಾಕಬೇಕು. ಒಂದು ಗಳಿಗೆ ಪೆನ್ನು ಹಿಡಿದು ನಿಂತಳು. ಆಮೇಲೆ ಮುಚ್ಚಳ ಹಾಕಿ, ಪೆನ್ನನ್ನು ಗೂಡಿಗೆ ಸೇರಿಸಿ, ಅಂಗಿಯನ್ನು ಮೆಷಿನ್ನಿಗೆ ಹಾಕಿದಳು.

ಸಂಜೆ ತಂತಿಯಿಂದ ಬಟ್ಟೆ ಇಳಿಸಿ ಎಣಿಸುತ್ತಿದ್ದ ಅಜ್ಜಿ ಬಿಳೀ ಅಂಗಿಯ ಕಾಲರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದಕ್ಕೆ ಗುರುತೇ ಹಾಕಿಲ್ಲವಲ್ಲೇ. ಯಾರದ್ದು ಅಂತ ಇಡಲಿ?”

“ನಿಮ್ಮದೇ ಕಾಯಿದೆ ಅಲ್ವಾ ಅತ್ತೆ” ಎಂದಳು ಲಾಂಡ್ರಿಯಮ್ಮ ಒಳಗಿನಿಂದ. “ನಮ್ಮ ರಾಶಿಗೆ ಹಾಕಿ.”